ಕಕ್ಷಿದಾರರ ಕಥೆ ವಕೀಲರ ಸ್ವತ್ತಲ್ಲ

ನಾಸಿಕ್ ಜಿಲ್ಲಾ ನ್ಯಾಯಾಲಯದ ಬಾರ್ ರೂಮಿನಲ್ಲಿ ಮಧ್ಯಾಹ್ನದ ಬಿಡುವಿಗೆ ಕೂತರೆ ಈಚೆಗೆ ತೀರ್ಪುಗಳ ಮಾತಿನ ನಡುವೆ ರೀಲ್ಸ್ ಮಾತೂ ಬರುತ್ತದೆ. ಯಾರ ವಿಡಿಯೊ ಎಷ್ಟು ಜನ ನೋಡಿದರು, ಅದರಿಂದ ಎಷ್ಟು ಕೇಸು ಬಂದವು ಎಂಬ ಲೆಕ್ಕ ನಡೆಯುತ್ತದೆ. ಆ ವಿಡಿಯೊಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಬಿಳಿ ಬ್ಯಾಂಡ್ ಕಟ್ಟಿದ ವಕೀಲರು, ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು, ಆಕೆಯ ಕೈಯಲ್ಲಿ ಅಪಘಾತ ಪರಿಹಾರದ ಆದೇಶದ ಪ್ರತಿ, ಹಿಂದಿನಿಂದ ಕೊಳಲಿನ ದನಿ. "ಗಂಡನನ್ನು ಕಳೆದುಕೊಂಡ ತಾಯಿಗೆ ನ್ಯಾಯ ಸಿಕ್ಕಿತು" ಎಂಬ ಸಾಲಿನ ಕೆಳಗೆ ಆಫೀಸಿನ ಮೊಬೈಲ್ ನಂಬರು. ಛತ್ರಪತಿ ಸಂಭಾಜಿನಗರದಲ್ಲೂ ಇದೇ. ಹುಬ್ಬಳ್ಳಿ, ಕಲಬುರಗಿ, ಬೆಂಗಳೂರಿನಲ್ಲೂ ಇದೇ ಎಂದು ಅಲ್ಲಿನ ಗೆಳತಿಯರು ಕಳಿಸುವ ವಿಡಿಯೊಗಳು ಹೇಳುತ್ತವೆ.

ಇದು ನಿಲ್ಲಬೇಕು. ವಕೀಲರು ತಮ್ಮ ಬಗ್ಗೆ ಜನರಿಗೆ ತಿಳಿಸುವುದಕ್ಕೆ ನನ್ನ ತಕರಾರಿಲ್ಲ. ಈಗಿರುವ ನಿಯಮ ಆ ವಿಷಯದಲ್ಲಿ ಅತಿ ಬಿಗಿ ಎಂದೇ ನನ್ನ ಭಾವನೆ. ಆದರೆ ಕಕ್ಷಿದಾರರ ಬದುಕನ್ನು ತಮ್ಮ ಕಚೇರಿಯ ಪ್ರಚಾರಕ್ಕೆ ಬಳಸುವ ಹಕ್ಕು ಯಾವ ವಕೀಲರಿಗೂ ಇಲ್ಲ. ಅವರು ಒಪ್ಪಿಗೆ ಕೊಟ್ಟಿದ್ದರೂ ಇಲ್ಲ.

ನಾನು ಹುಟ್ಟಿದ್ದು ಬೀದರ ಜಿಲ್ಲೆಯ ಭಾಲ್ಕಿಯಲ್ಲಿ. 1956ರ ತನಕ ಭಾಲ್ಕಿಯೂ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಮ್ಮ ಕಡೆಯ ಮನೆಗಳಿಗೆ ಮರಾಠವಾಡ ಇಂದಿಗೂ ಪರನಾಡಲ್ಲ. ಕಾನೂನು ಓದಿದ್ದು ಈಗ ಸಂಭಾಜಿನಗರವಾಗಿರುವ ಅದೇ ಊರಿನ ಮಾಣಿಕಚಂದ್ ಪಹಾಡೆ ಲಾ ಕಾಲೇಜಿನಲ್ಲಿ. ಅಲ್ಲಿಯೇ ಸನದು ತೆಗೆದುಕೊಂಡು, ಹೈಕೋರ್ಟ್ ಪೀಠದಲ್ಲಿ ಜೂನಿಯರಾಗಿ ಫೈಲು ಹೊತ್ತು, ಮದುವೆಯಾದ ಮೇಲೆ ನಾಸಿಕ್‌ಗೆ ಬಂದೆ. ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ, ಕೌಟುಂಬಿಕ ದೌರ್ಜನ್ಯ ನನ್ನ ದಿನನಿತ್ಯದ ಕೆಲಸ. ಇಷ್ಟು ವರ್ಷಗಳಲ್ಲಿ ಕೇಳಿದ ಕಥೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದೂ ಈ ಲೇಖನದಲ್ಲಿ ಬರುವುದಿಲ್ಲ. ಹೆಸರು ಬದಲಿಸಿಯೂ ಬರುವುದಿಲ್ಲ.

ಕಳೆದ ವರ್ಷ ನನ್ನ ಕಚೇರಿಗೆ ಇಬ್ಬರು ಹುಡುಗರು ಬಂದಿದ್ದರು. ವಕೀಲರಿಗೆ, ಡಾಕ್ಟರರಿಗೆ ವಿಡಿಯೊ ಮಾಡಿಕೊಡುವ ಕೆಲಸ ಅವರದು. ಒಳ್ಳೆಯ ಹುಡುಗರು, ಮಾತಿನಲ್ಲಿ ವಿನಯವಿತ್ತು. "ಮ್ಯಾಡಂ, ಕಾನೂನು ಹೇಳಿದರೆ ಯಾರೂ ನೋಡೋದಿಲ್ಲ. ನಿಮ್ಮ ಕಥೆ ಹೇಳಿ, ಕ್ಲೈಂಟ್ ಕಥೆ ಹೇಳಿ. ಜನ ಕಥೆಗೆ ನಿಲ್ಲುತ್ತಾರೆ" ಎಂದರು. ತಿಂಗಳಿಗೆ ಎಂಟು ವಿಡಿಯೊ, ಅದರಲ್ಲಿ ಎರಡಾದರೂ ಕಕ್ಷಿದಾರರ ಮುಖವಿರುವಂಥವು. "ಅಳು ಬಂದರೆ ಕಟ್ ಮಾಡೋದಿಲ್ಲ ಮ್ಯಾಡಂ, ಅದೇ ಓಡೋದು" ಎಂದ ಒಬ್ಬ. ಚಹಾ ಕುಡಿಸಿ ಕಳಿಸಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಯಾವ ಸನದನ್ನೂ ತೆಗೆದುಕೊಂಡವರಲ್ಲ. ನಾವು ತೆಗೆದುಕೊಂಡವರು.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ವಕೀಲರು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಜಾಹೀರಾತು ಕೊಡುವಂತಿಲ್ಲ, ದಲ್ಲಾಳಿಗಳ ಮೂಲಕ ಕೇಸು ಹಿಡಿಯುವಂತಿಲ್ಲ. ತಾವು ನಡೆಸುತ್ತಿರುವ ಪ್ರಕರಣಕ್ಕೆ ಸಂಬಂಧಿಸಿ ತಮ್ಮ ಫೋಟೊ ಪ್ರಕಟವಾಗುವಂತೆ ಮಾಡುವುದೂ ಆ ನಿಯಮದಲ್ಲಿ ನಿಷಿದ್ಧ. ಬಾಗಿಲ ಮೇಲಿನ ನಾಮಫಲಕ ಸಾಧಾರಣ ಗಾತ್ರದ್ದಿರಬೇಕು, ಇಂಥ ಕೇಸಿನಲ್ಲಿ ಪರಿಣತರು ಎಂದು ಅದರಲ್ಲಿ ಬರೆಯಬಾರದು. 2008ರಲ್ಲಿ ಸ್ವಲ್ಪ ಸಡಿಲಿಸಿ, ವಕೀಲರು ತಮ್ಮ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಫೋನು, ನೋಂದಣಿ ವಿವರ, ಓದು ಮತ್ತು ಯಾವ ಬಗೆಯ ಕೇಸು ನಡೆಸುತ್ತಾರೆ ಎಂಬುದನ್ನು ಹಾಕಬಹುದು ಎಂದರು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆನ್‌ಲೈನ್ ತಾಣಗಳ ಮೂಲಕ ಕೆಲಸ ಹುಡುಕುವ ವಕೀಲರ ಮೇಲೆ ಕ್ರಮ ಕೈಗೊಳ್ಳುವಂತೆ ಪರಿಷತ್ತಿಗೆ ಆದೇಶಿಸಿತು. 2025ರ ಮಾರ್ಚ್‌ನಲ್ಲಿ ಪರಿಷತ್ತು, ಸಿನಿಮಾ ನಟರನ್ನೂ ಸಾಮಾಜಿಕ ಜಾಲತಾಣದ ಪ್ರಭಾವಿಗಳನ್ನೂ ಇಟ್ಟುಕೊಂಡು ಪ್ರಚಾರ ಮಾಡುವುದರ ವಿರುದ್ಧ ಕಟುವಾದ ಎಚ್ಚರಿಕೆ ಹೊರಡಿಸಿತು. ರೀಲ್ಸ್ ಮಾತ್ರ ನಿಂತಿಲ್ಲ.

ಈ ನಿಷೇಧದ ಹಿಂದೆ ನಮ್ಮ ಮಹಾರಾಷ್ಟ್ರದ್ದೇ ಒಂದು ಪ್ರಕರಣವಿದೆ. ಮುಂಬೈಯ ಮ್ಯಾಜಿಸ್ಟ್ರೇಟ್ ಕೋರ್ಟುಗಳ ಬಾಗಿಲಲ್ಲಿ ಕೆಲವು ವಕೀಲರು ಕಾದು ನಿಂತು, ಬರುವ ಆರೋಪಿಗಳನ್ನೂ ಬಂಧುಗಳನ್ನೂ ಮುತ್ತಿ, ಒಬ್ಬರ ಕೈಯಿಂದ ಇನ್ನೊಬ್ಬರು ಕೇಸು ಕಸಿದುಕೊಳ್ಳುತ್ತಿದ್ದರು. ಆ ದಾಭೋಳ್ಕರ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1975ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ವಕೀಲಿಕೆ ವ್ಯಾಪಾರವಲ್ಲ, ಕೇಸು ಸರಕಲ್ಲ ಎಂಬ ಅರ್ಥದಲ್ಲಿ ಬರೆದರು. ಅಂದು ಕೋರ್ಟಿನ ಬಾಗಿಲಲ್ಲಿ ನಡೆಯುತ್ತಿದ್ದ ನೂಕಾಟ ಇಂದು ಫೋನಿನ ಪರದೆಯಲ್ಲಿ ನಡೆಯುತ್ತಿದೆ.

ನನ್ನ ಕ್ಷೇತ್ರದಲ್ಲಿ ಇನ್ನೂ ಸ್ಪಷ್ಟವಾದ ಕಾನೂನು ಇದೆ, ಅದನ್ನು ವಕೀಲರೇ ಮರೆತಂತಿದೆ. 1955ರ ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ಆ ಕಾಯ್ದೆಯ ಎಲ್ಲ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಅದರ ಬಗ್ಗೆ ಯಾರೂ ಏನೂ ಪ್ರಕಟಿಸುವಂತಿಲ್ಲ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ತೀರ್ಪನ್ನು ಕೂಡ ಆ ಕೋರ್ಟಿನ ಅನುಮತಿ ಪಡೆದೇ ಪ್ರಕಟಿಸಬೇಕು. ಉಲ್ಲಂಘಿಸಿದರೆ ದಂಡ ಒಂದು ಸಾವಿರ ರೂಪಾಯಿಯವರೆಗೆ. ಆ ಮೊತ್ತ 1955ರಿಂದ ಬದಲಾಗಿಲ್ಲ, ಈಗ ಒಂದು ವಿಡಿಯೊ ಮಾಡಿಸುವ ಖರ್ಚಿಗೂ ಅದು ಸಾಲದು. ಇದನ್ನು ಸಂಸತ್ತು ತಿದ್ದಲೇಬೇಕು. ಇನ್ನು ಕಕ್ಷಿದಾರರು ವಕೀಲರಿಗೆ ಹೇಳಿದ ಮಾತಿನ ಗೋಪ್ಯವನ್ನು 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಮು ಕಾಯುತ್ತಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಕಾಯುತ್ತಿದೆ. ಕೇಸು ಮುಗಿದರೂ, ವಕೀಲರು ಬದಲಾದರೂ ಆ ಬಾಧ್ಯತೆ ತೀರುವುದಿಲ್ಲ. ಕಕ್ಷಿದಾರರು ಸ್ಪಷ್ಟ ಒಪ್ಪಿಗೆ ಕೊಟ್ಟರೆ ಹೇಳಬಹುದು ಎಂಬ ಒಂದು ಕಿಂಡಿ ಅದರಲ್ಲಿದೆ. ವಿಡಿಯೊ ಮಾಡುವವರೆಲ್ಲ ಕೈ ತೋರಿಸುವುದು ಆ ಕಿಂಡಿಯ ಕಡೆಗೆ.

ಹಾಗಾದರೆ ಆ ಒಪ್ಪಿಗೆ ಹೇಗೆ ಬರುತ್ತದೆ ಎಂದು ಹೇಳುತ್ತೇನೆ, ಕೋರ್ಟಿನ ಮೆಟ್ಟಿಲು ಹತ್ತದವರಿಗೆ ಇದು ಗೊತ್ತಿರುವುದಿಲ್ಲ. ನಮ್ಮ ಮೇಜಿನ ಮುಂದೆ ಕೂತ ಹೆಣ್ಣುಮಗಳು ಸಹಿ ಹಾಕುವುದು ನಮ್ಮ ಗುಮಾಸ್ತ ಪೆನ್ಸಿಲಿನಿಂದ ಗುರುತು ಮಾಡಿದ ಕಡೆ. ವಕಾಲತ್ತಿಗೆ ಒಂದು, ಅರ್ಜಿಗೆ ಹಾಳೆಗೊಂದು, ಅಫಿಡವಿಟ್ಟಿಗೆ ಎರಡು. ಓದುವುದು ಕಡಿಮೆ, ನಂಬುವುದು ಹೆಚ್ಚು. ಮಧ್ಯಂತರ ಜೀವನಾಂಶದ ಅರ್ಜಿ ಇನ್ನೂ ನಿಂತಿದೆ, ಮಗು ಅತ್ತೆಯ ಮನೆಯಲ್ಲಿದೆ, ಫೀಜಿನ ಅರ್ಧ ಬಾಕಿ, ಮುಂದಿನ ತಾರೀಖು ಯಾವಾಗಲೋ. ಅಂಥ ಹೊತ್ತಿನಲ್ಲಿ "ಒಂದು ಸಣ್ಣ ವಿಡಿಯೊ ಮಾಡೋಣವಾ ತಾಯಿ?" ಎಂದು ವಕೀಲರು ಕೇಳಿದರೆ ಆಕೆ ಇಲ್ಲ ಎನ್ನುವುದು ಹೇಗೆ? ಇಲ್ಲ ಎಂದರೆ ಕೇಸಿನ ಮೇಲೆ ಗಮನ ಕಡಿಮೆಯಾದೀತು ಎಂಬ ಅಂಜಿಕೆ ಇದ್ದೇ ಇರುತ್ತದೆ. ವಕೀಲರು ಎಷ್ಟೇ ಸಜ್ಜನರಾಗಿದ್ದರೂ ಆ ಅಂಜಿಕೆ ಹೋಗುವುದಿಲ್ಲ. ಒಪ್ಪಿಗೆ ಪತ್ರ ಆಕೆಯ ಪಾಲಿಗೆ ಪೆನ್ಸಿಲ್ ಗುರುತಿನ ಇನ್ನೊಂದು ಹಾಳೆ, ಅಷ್ಟೇ.

ಮುಖ ಮಸುಕು ಮಾಡುತ್ತೇವೆ, ಊರು ಹೇಳುವುದಿಲ್ಲ ಎನ್ನುತ್ತಾರೆ. ನಿಫಾಡ್, ಸಿನ್ನರ್, ಯೇವಲೆ, ವೈಜಾಪುರ, ಪೈಠಣದಂಥ ತಾಲ್ಲೂಕುಗಳಲ್ಲಿ ಮುಖ ಯಾರಿಗೆ ಬೇಕು? ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿದ್ದ ಗಂಡ ಟ್ರ್ಯಾಕ್ಟರ್ ಉರುಳಿ ಸತ್ತ, ಇಬ್ಬರು ಹೆಣ್ಣುಮಕ್ಕಳು, ಪರಿಹಾರ ಇಷ್ಟು ಲಕ್ಷ ಎಂದರೆ ಸಾಕು, ಸುತ್ತಲ ಹತ್ತು ಹಳ್ಳಿಗೆ ಆಕೆ ಯಾರೆಂದು ತಿಳಿಯುತ್ತದೆ. ಸಾಲ ಕೊಟ್ಟವರಿಗೆ ತಿಳಿಯುತ್ತದೆ, ಮೈದುನರಿಗೆ ತಿಳಿಯುತ್ತದೆ, ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರಿಗೂ ತಿಳಿಯುತ್ತದೆ. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಹೆಸರನ್ನಷ್ಟೇ ಮುಚ್ಚಿದರೆ ಸಾಲದು, ಗುರುತು ಹಿಡಿಯಲು ನೆರವಾಗುವ ಯಾವ ವಿವರವೂ ಹೊರಬರಬಾರದು ಎಂದಿದೆ. ಆ ಎಚ್ಚರ ಜೀವನಾಂಶ ಕೇಳುವ ಹೆಣ್ಣಿಗೂ, ಪರಿಹಾರ ಪಡೆದ ವಿಧವೆಗೂ ಏಕೆ ಸಿಗಬಾರದು?

ಇನ್ನೊಂದು ಪಕ್ಷವನ್ನೂ ನೆನೆಯಬೇಕು. ವಿಚ್ಛೇದನದ ಕಥೆಯಲ್ಲಿ ಗಂಡ ಇರುತ್ತಾನೆ, ಅವನ ತಾಯಿ ಇರುತ್ತಾಳೆ, ಶಾಲೆಗೆ ಹೋಗುವ ಮಗು ಇರುತ್ತದೆ. ಅವರಲ್ಲಿ ಯಾರೂ ಯಾವ ಒಪ್ಪಿಗೆಯನ್ನೂ ಕೊಟ್ಟಿರುವುದಿಲ್ಲ. ಮಗು ದೊಡ್ಡದಾಗಿ ತನ್ನ ಅಪ್ಪ ಅಮ್ಮನ ಹೆಸರು ಹುಡುಕುವ ದಿನ ಬಂದೇ ಬರುತ್ತದೆ.

ಕಥೆ ಹೇಳುವುದರಿಂದ ಒಳ್ಳೆಯದೂ ಆಗಿದೆಯಲ್ಲ ಎಂದು ಕೇಳುವವರಿದ್ದಾರೆ. ಆಗಿದೆ. 1972ರಲ್ಲಿ ಇದೇ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪೊಲೀಸ್ ಠಾಣೆಯೊಂದರಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ದೇಶವೇ ಎದ್ದಿತು. 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು. ಗಮನಿಸಬೇಕಾದ್ದು, ಅದೇ 1983ರ ತಿದ್ದುಪಡಿಯಲ್ಲಿ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧವಾಯಿತು. ಕಥೆಯ ಬಲವನ್ನೂ ಅದರ ಹಾನಿಯನ್ನೂ ಆ ಕಾನೂನು ಒಟ್ಟಿಗೇ ಕಂಡಿತು. ಆ ಪ್ರಕರಣವನ್ನು ಆ ಹುಡುಗಿಯ ಹೆಸರಿನಿಂದಲೇ ಇಂದಿಗೂ ಕರೆಯುತ್ತಾರೆ, ಪಠ್ಯಪುಸ್ತಕಗಳಲ್ಲೂ ಹಾಗೆಯೇ ಇದೆ. ನಾನು ಬರೆಯುವುದಿಲ್ಲ. ಆ ನಾಲ್ವರು ಎತ್ತಿಕೊಂಡದ್ದು ಪ್ರಕಟವಾದ ತೀರ್ಪನ್ನು, ಅದರಿಂದ ಅವರಿಗೆ ಒಂದು ಕೇಸೂ ಬರಬೇಕಿರಲಿಲ್ಲ.

ನಾಸಿಕ್‌ನಲ್ಲಿ ಕೂತು ಈ ವಿಷಯ ಬರೆಯುವಾಗ ಕಾರ್ನೀಲಿಯಾ ಸೊರಾಬ್ಜಿಯವರನ್ನು ಬಿಡಲಾಗದು. 1866ರ ನವೆಂಬರ್ 15ರಂದು ಅವರು ಹುಟ್ಟಿದ್ದು ಇದೇ ಊರಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಮಹಿಳೆ. 1892ರಲ್ಲಿ ಪರೀಕ್ಷೆ ಮುಗಿಸಿದರೂ ಹೆಣ್ಣೆಂಬ ಕಾರಣಕ್ಕೆ ಪದವಿ ಕೈಗೆ ಬರಲು 1922 ಆಯಿತು. ಇಲ್ಲಿ ವಕೀಲಿಕೆಯ ಬಾಗಿಲು ಹೆಂಗಸರಿಗೆ ಕಾಯ್ದೆಯಾಗಿ ತೆರೆದದ್ದು 1923ರಲ್ಲಿ. ಅದಕ್ಕೂ ಮೊದಲು, 1904ರಿಂದ, ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನ ಕಾನೂನು ಸಲಹೆಗಾರ್ತಿಯಾಗಿ ಪರದೆಯ ಹಿಂದಿನ ವಿಧವೆಯರ ಆಸ್ತಿ, ಮಕ್ಕಳ ಹಕ್ಕು ಕಾಯಲು ಅಂತಃಪುರದಿಂದ ಅಂತಃಪುರಕ್ಕೆ ಅಲೆದರು. ನನ್ನಂಥ ಸಾವಿರಾರು ಹೆಂಗಸರು ಇಂದು ಕರಿ ಕೋಟು ತೊಡುವುದಕ್ಕೆ ಅವರ ಋಣವಿದೆ. ಅವರು ಆ ಪರದೆಯ ಹಿಂದಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನೂ ಬರೆದರು, ಅವು ಲಂಡನ್ನಿನಲ್ಲಿ ಅಚ್ಚಾದವು. ಅವರ ಉದ್ದೇಶ ದೊಡ್ಡದು. ಆದರೂ ಓದುವಾಗ ನನಗೆ ಒಂದು ಕಸಿವಿಸಿ ಇದ್ದೇ ಇರುತ್ತದೆ. ಪರಪುರುಷರ ಕಣ್ಣಿಗೆ ಬೀಳದೆ ಬದುಕಿದ ಆ ಹೆಂಗಸರು ತಮ್ಮ ಮನೆಯೊಳಗಿನ ಬದುಕು ಲಂಡನ್ನಿನ ಓದುಗರ ಮುಂದೆ ಹರಡುವುದಕ್ಕೆ ಒಪ್ಪುತ್ತಿದ್ದರೇ? ಅಂಥ ಹಿರಿಯ ವಕೀಲೆಯ ಪುಸ್ತಕದ ಮುಂದೆಯೇ ಈ ಪ್ರಶ್ನೆ ಏಳುವುದಾದರೆ ಅರ್ಧ ನಿಮಿಷದ ರೀಲಿನ ಮುಂದೆ ಏಳದಿರುತ್ತದೆಯೇ?

ಸಂಭಾಜಿನಗರದ ಪಕ್ಕದ ದೌಲತಾಬಾದ್ ಕೋಟೆ ನನಗೆ ಇನ್ನೊಬ್ಬ ವಕೀಲರನ್ನು ನೆನಪಿಸುತ್ತದೆ. 1934ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ತಮ್ಮ ಸಂಗಡಿಗರೊಂದಿಗೆ ಕೋಟೆ ನೋಡಲು ಹೋದಾಗ, ದಾರಿಯ ಧೂಳು ತೊಳೆಯಲು ಬಾಗಿಲ ಬಳಿಯ ಹೊಂಡದ ನೀರು ಮುಟ್ಟಿದ್ದಕ್ಕೆ, ಅಸ್ಪೃಶ್ಯರು ನೀರು ಕೆಡಿಸಿದರೆಂದು ಅಲ್ಲಿಯವರು ಕೂಗಿ ಮುತ್ತಿದರು. ಆಗ ಅವರು ದೇಶದಲ್ಲಿ ಹೆಸರಾದ ಬ್ಯಾರಿಸ್ಟರ್, ನಾಸಿಕ್‌ನ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹವನ್ನು 1930ರಲ್ಲೇ ಆರಂಭಿಸಿದ್ದವರು. ಈ ಪ್ರಸಂಗವನ್ನು ಅವರು ತಮ್ಮ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ತಾವೇ ಬರೆದಿದ್ದಾರೆ. ಅದು ಅಚ್ಚಾದದ್ದು ಅವರು ತೀರಿಕೊಂಡು ದಶಕಗಳ ಮೇಲೆ, 1990ರಲ್ಲಿ. ಅವರು ಹೇಳಿದ್ದು ತಮ್ಮ ಮೈಮೇಲೆ ಬಂದ ಅವಮಾನ. ಅದರ ಬೆಲೆ ತೆತ್ತವರು ಅವರೇ, ಹೇಳುವ ಹಕ್ಕೂ ಅವರದೇ. ವಕೀಲರು ಸ್ವಂತ ಕಥೆ ಹೇಳುವುದಾದರೆ ನನಗೆ ಇದೇ ಮಾದರಿ.

ಈಗ ಎದುರು ವಾದಕ್ಕೆ ಬರುತ್ತೇನೆ, ಅದರಲ್ಲಿ ನ್ಯಾಯವಿದೆ. ಸಂಭಾಜಿನಗರದ ಹೈಕೋರ್ಟ್ ಪೀಠ 1981ರ ಆಗಸ್ಟ್ 27ರಂದು ಶುರುವಾದ ಮೇಲೆ ಬೀಡ್, ಜಾಲ್ನಾ, ಪರಭಣಿ, ಹಿಂಗೋಲಿಯ ರೈತರ ಮನೆಗಳಿಂದ ಎಷ್ಟೋ ಹುಡುಗ ಹುಡುಗಿಯರು ವಕೀಲಿಕೆಗೆ ಬಂದರು. ಅಪ್ಪ ವಕೀಲರಲ್ಲ, ಮಾವ ಜಡ್ಜರಲ್ಲ. ಬಾಡಿಗೆ ಕೋಣೆ, ಸೆಕೆಂಡ್ ಹ್ಯಾಂಡ್ ಪುಸ್ತಕ, ಸೀನಿಯರ್ ಕೊಡುವ ಪೆಟ್ರೋಲ್ ಖರ್ಚು. ಜೂನಿಯರುಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. ಶಿಫಾರಸು ಮಾತ್ರ, ಕಡ್ಡಾಯವಲ್ಲ. ಹೆಸರು ಮಾಡಿದ ಮನೆತನದ ವಕೀಲರಿಗೆ ಜಾಹೀರಾತು ಬೇಕಿಲ್ಲ, ಅವರ ಮನೆತನವೇ ಜಾಹೀರಾತು. ಹಳ್ಳಿಯಿಂದ ಬಂದ ಹುಡುಗಿ ತಾನು ಇಲ್ಲಿದ್ದೇನೆ ಎಂದು ಹೇಳುವುದಾದರೂ ಹೇಗೆ? ಪೂರ್ತಿ ಬಾಯಿ ಮುಚ್ಚಿಸುವ ನಿಯಮ ಇಂಥವರನ್ನೇ ಹೆಚ್ಚು ಹಿಂಡುತ್ತದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಅದಕ್ಕೇ ನಿಯಮ 36 ಬದಲಾಗಬೇಕು. ವಕೀಲರ ನೋಂದಣಿ ಸಂಖ್ಯೆ, ಎಷ್ಟು ವರ್ಷದ ಅನುಭವ, ಯಾವ ಬಗೆಯ ಕೇಸು, ಯಾವ ಭಾಷೆಯಲ್ಲಿ ಮಾತಾಡಬಲ್ಲರು, ಮೊದಲ ಭೇಟಿಗೆ ಫೀ ಎಷ್ಟು ಎಂಬುದನ್ನು ಎಲ್ಲ ಕಡೆ ಪ್ರಕಟಿಸಲು ಬಿಡಬೇಕು. ನಾಸಿಕ್‌ನಲ್ಲಿ ಕನ್ನಡ ಬಲ್ಲ ವಕೀಲರು ಸಿಗುತ್ತಾರೆಯೇ ಎಂದು ಓಝರ್‌ನ ಎಚ್‌ಎಎಲ್ ಕಾರ್ಖಾನೆಯ ಕಾಲೊನಿಯಿಂದ ಕೇಳಿಕೊಂಡು ಬರುವವರಿದ್ದಾರೆ, ಅದು ತಿಳಿಯುವುದು ಅವರ ಅಗತ್ಯ. ಅಮೆರಿಕದಲ್ಲಿ ವಕೀಲರ ಜಾಹೀರಾತಿಗೆ ಬಾಗಿಲು ತೆರೆದ 1977ರ ಬೇಟ್ಸ್ ಪ್ರಕರಣವನ್ನು ನಮ್ಮ ತರುಣರು ಆಗಾಗ ಎತ್ತುತ್ತಾರೆ. ಫೀನಿಕ್ಸ್ ನಗರದ ಆ ಇಬ್ಬರು ವಕೀಲರು ಪತ್ರಿಕೆಗೆ ಕೊಟ್ಟಿದ್ದು ದರಪಟ್ಟಿಯನ್ನು. ಇಬ್ಬರೂ ಒಪ್ಪಿದ ವಿಚ್ಛೇದನಕ್ಕೆ 175 ಡಾಲರ್, ಮೇಲೆ ಕೋರ್ಟ್ ಶುಲ್ಕ 20 ಡಾಲರ್. ಆ ಜಾಹೀರಾತಿನಲ್ಲಿ ಯಾವ ಕಕ್ಷಿದಾರರ ಮುಖವೂ ಇರಲಿಲ್ಲ.

ವಿಡಿಯೊ ಮಾಡಲೇಬೇಕು ಎನ್ನುವ ತರುಣ ವಕೀಲರಿಗೆ ನನ್ನ ಮಾತು ಇಷ್ಟು. ಕಾನೂನನ್ನು ಹೇಳಿ. ಪಿಂಪಳಗಾಂವದ ಕಡೆ ದ್ರಾಕ್ಷಿ ಕೊಂಡ ವ್ಯಾಪಾರಿ ಕೊಟ್ಟ ಚೆಕ್ಕು ಬೌನ್ಸ್ ಆದರೆ ರೈತ ಏನು ಮಾಡಬೇಕು? ಬ್ಯಾಂಕಿನಿಂದ ತಿಳಿವಳಿಕೆ ಬಂದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ಮುಟ್ಟಿದ 15 ದಿನದಲ್ಲಿ ಹಣ ಬರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ದಾಖಲಿಸಬೇಕು. ಈ ಗಡುವುಗಳು ಗೊತ್ತಿಲ್ಲದೆ ಕೈಸೋತ ರೈತರು ಈ ಜಿಲ್ಲೆಯಲ್ಲಿ ಎಷ್ಟೋ ಜನ. ಲಾಸಲಗಾಂವದ ಈರುಳ್ಳಿ ಮಾರುಕಟ್ಟೆಯ ಕಟ್ಟೆಯ ಮೇಲೆ ನಿಂತು ಇದನ್ನು ಮರಾಠಿಯಲ್ಲಿ, ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಕನ್ನಡದಲ್ಲಿ ಹೇಳಿದರೆ ಕೇಳುವವರಿದ್ದಾರೆ. ಕೊನೆಗೆ ನಿಮ್ಮ ನಂಬರು ಹಾಕಬೇಡಿ, ನಿಮ್ಮ ಹೆಸರು ಸಾಕು.

ಮುಂಜಾನೆ ಪಂಚವಟಿ ಎಕ್ಸ್‌ಪ್ರೆಸ್ಸಿನಲ್ಲಿ ನಾಸಿಕ್‌ನ ವಕೀಲರು ಮುಂಬೈ ಹೈಕೋರ್ಟಿಗೆ ಹೋಗುತ್ತಾರೆ, ನಮ್ಮ ಜಿಲ್ಲೆ ಸಂಭಾಜಿನಗರದ ಪೀಠಕ್ಕೆ ಸೇರಿಲ್ಲ. ಆ ಬೋಗಿಯಲ್ಲಿ ಹಿರಿಯರು ಕೇಸಿನ ಮಾತಾಡುವಾಗ ಕಲಮುಗಳ ಸಂಖ್ಯೆ ಹೇಳುತ್ತಾರೆ, ಕಕ್ಷಿದಾರರ ಹೆಸರು ಹೇಳುವುದಿಲ್ಲ. ಎದುರು ಸೀಟಿನಲ್ಲಿ ಯಾರು ಕೂತಿದ್ದಾರೋ ಯಾರಿಗೆ ಗೊತ್ತು. ಈ ಶಿಸ್ತನ್ನು ಅವರಿಗೆ ಯಾವ ನಿಯಮವೂ ಕಲಿಸಲಿಲ್ಲ, ಅವರ ಸೀನಿಯರುಗಳು ಕಲಿಸಿದರು. ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತೂ ಕರ್ನಾಟಕ ರಾಜ್ಯ ವಕೀಲರ ಪರಿಷತ್ತೂ ಸನದು ಕೊಡುವ ದಿನವೇ ಪ್ರತಿಯೊಬ್ಬರಿಂದ, ಕಕ್ಷಿದಾರರ ಮುಖ, ದನಿ, ಕಥೆಯನ್ನು ಪ್ರಚಾರಕ್ಕೆ ಬಳಸುವುದಿಲ್ಲ ಎಂದು ಬರೆಸಿಕೊಳ್ಳಲಿ. ಇಂಥ ವಿಡಿಯೊ ಬಂದರೆ ಜನ ದೂರು ಕೊಡಲು ಸುಲಭದ ವ್ಯವಸ್ಥೆಯನ್ನೂ ಮಾಡಲಿ. 1961ರ ವಕೀಲರ ಕಾಯ್ದೆಯ 35ನೇ ಕಲಮು ಎಚ್ಚರಿಕೆಯಿಂದ ಹಿಡಿದು ಸನದು ರದ್ದಿನವರೆಗೆ ಶಿಕ್ಷೆಯ ಅಧಿಕಾರವನ್ನು ಅವರ ಕೈಗೆ ಈಗಾಗಲೇ ಕೊಟ್ಟಿದೆ.

ಓದುಗರಲ್ಲಿ ಯಾರಿಗಾದರೂ ಕೋರ್ಟಿನ ಕೆಲಸ ಬಿದ್ದಿದ್ದರೆ ಒಂದು ಮಾತು. ವಕೀಲರನ್ನು ಆರಿಸುವಾಗ ರೀಲ್ ನೋಡಬೇಡಿ. ನೋಂದಣಿ ಸಂಖ್ಯೆ ಕೇಳಿ, ಕೊಟ್ಟ ಹಣಕ್ಕೆ ರಸೀದಿ ಕೇಳಿ, ಸಹಿ ಹಾಕಿದ ಪ್ರತಿ ಹಾಳೆಯ ನಕಲು ಕೇಳಿ. ವಿಡಿಯೊ ಮಾಡೋಣ ಎಂದರೆ ಬೇಡ ಎನ್ನಿ, ಹಾಗೆ ಅನ್ನುವುದರಿಂದ ನಿಮ್ಮ ಕೇಸಿಗೆ ಯಾವ ಕುಂದೂ ಬರುವಂತಿಲ್ಲ, ಬಂದರೆ ವಕೀಲರನ್ನು ಬದಲಿಸುವ ಹಕ್ಕು ನಿಮಗಿದೆ. ಫೀ ಕೊಡುವ ಶಕ್ತಿ ಇಲ್ಲದಿದ್ದರೆ ನಿಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. ಸಹಾಯವಾಣಿ 15100.